ಕುದುರೆಗೂ ಒಂದು ಹೆಸರು

ಖಾಲಿ ಹಸಿರು ಹಿನ್ನೆಲೆ. ಕುದುರೆಯ ಮೇಲೆ ಅರಸ, ಒಂದೇ ಪಾರ್ಶ್ವ ಕಾಣುವ ಮುಖ, ತಲೆಯ ಹಿಂದೆ ಚಿನ್ನದ ಪ್ರಭಾವಳಿ. ಪಕ್ಕದಲ್ಲಿ ಪುಟ್ಟದಾಗಿ ಬರೆದ ಆಳುಗಳು: ಒಬ್ಬ ನವಿಲುಗರಿ ಬೀಸುತ್ತಾನೆ, ಇನ್ನೊಬ್ಬ ಹುಕ್ಕಾ ಹೊತ್ತು ಓಡುತ್ತಾನೆ, ಅದರ ಕೊಳವೆ ಮಾತ್ರ ದೊರೆಯ ಕೈಯಲ್ಲಿ. ರಾಜಸ್ಥಾನದ ಚಿಕಣಿ ಚಿತ್ರಗಳಲ್ಲಿ ಈ ನೋಟ ಎಷ್ಟು ಸಲ ಬಂದಿದೆಯೆಂದರೆ, ಇದು ಆ ನೆಲದಲ್ಲೇ ಹುಟ್ಟಿದ್ದೆಂದು ನಂಬಿಬಿಡುತ್ತೇವೆ.

ಆದರೆ ಇದರ ಅಚ್ಚು ಸಿದ್ಧವಾದದ್ದು ಮೊಘಲರ ಚಿತ್ರಶಾಲೆಯಲ್ಲಿ. 1605ರಲ್ಲಿ ಚಾವಂಡದಲ್ಲಿ ರಾಗಮಾಲೆ (ರಾಗಗಳನ್ನು ರೂಪಿಸುವ ಚಿತ್ರಸರಣಿ) ಬರೆದ ಮೇವಾಡದ ಚಿತ್ರಕಾರನಿಗೆ ಬೇಕಿದ್ದುದು ನಾಯಕ-ನಾಯಿಕೆಯರು. ಇಂಥವನೇ ಎಂದು ಗುರುತು ಹಿಡಿಯುವ ಮುಖವಲ್ಲ. ಆ ಹುಚ್ಚು ಅಕ್ಬರ್, ಜಹಾಂಗೀರರದು. 1615ರಲ್ಲಿ ಮೇವಾಡದ ರಾಣಾ ಅಮರಸಿಂಹ ಜಹಾಂಗೀರನೊಂದಿಗೆ ಸಂಧಿ ಮಾಡಿಕೊಂಡು ಮಗ ಕರಣಸಿಂಹನನ್ನು ದರ್ಬಾರಿಗೆ ಕಳುಹಿಸಿದ. ಆಮೇರ್, ಜೋಧಪುರ, ಬಿಕಾನೇರ್‌ಗಳ ಅರಸರು ಅದಕ್ಕೂ ಮೊದಲೇ ಮನಸಬ್‌ದಾರರು, ಅಂದರೆ ಮೊಘಲರ ಸೇವೆಯಲ್ಲಿ ದರ್ಜೆ (ಮನಸಬ್) ಪಡೆದವರು. ಮನಸಬಿಗೆ ಎರಡು ಅಂಕಿ: ಜಾತ್ ಮತ್ತು ಸವಾರ್. ಮೊದಲನೆಯದು ಅವರ ಸ್ವಂತ ದರ್ಜೆ, ಎರಡನೆಯದು ಸಾಕಬೇಕಾದ ಕುದುರೆ ಸವಾರರ ಲೆಕ್ಕ. ಅಂತಸ್ತನ್ನೇ ಕುದುರೆಗಳಲ್ಲಿ ಎಣಿಸುವಾಗ ಕುದುರೆ ಏರಿದ ಚಿತ್ರ ಬರೆಸಿಕೊಳ್ಳುವ ಆಸೆ ಹುಟ್ಟದಿದ್ದರೇ ಆಶ್ಚರ್ಯ. ಪ್ರಭಾವಳಿಯೂ ಬಾದಶಹನ ಚಿತ್ರದಿಂದಲೇ ಬಂತು. ಒಂದು ಮಾತ್ರ ಬದಲಾಗಲಿಲ್ಲ: ಜಾಮಾ ಎಂಬ ನಿಲುವಂಗಿಯ ಲಾಡಿಯನ್ನು ಮುಸ್ಲಿಮರು ಬಲಕ್ಕೆ, ಹಿಂದೂಗಳು ಎಡಕ್ಕೆ ಕಟ್ಟುತ್ತಿದ್ದರು. ಚಿತ್ರದಲ್ಲಿ ಕಂಕುಳ ಕೆಳಗಿನ ಆ ಗಂಟು ನೋಡಿಕೊಳ್ಳಬೇಕು.

1916ರಲ್ಲಿ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ರಜಪೂತ ಚಿತ್ರಕಲೆಯನ್ನು ಮೊಘಲ್ ಕಲೆಯಿಂದ ಬೇರ್ಪಡಿಸಿ, ಇದು ಜನರದು, ಅದು ದರ್ಬಾರಿನದು ಎಂದು ಗೆರೆ ಎಳೆದರು. ಕೃಷ್ಣಲೀಲೆಯ ಚಿತ್ರಗಳಿಗೆ ಆ ಮಾತು ಒಪ್ಪುತ್ತದೆ. ಈ ಸವಾರರು ಮಾತ್ರ ಆ ಗೆರೆಯನ್ನು ತುಳಿದುಕೊಂಡೇ ಹೋಗುತ್ತಾರೆ.

ಹಾಗೆಂದು ಎರವಲು ಎರವಲಾಗಿಯೇ ಉಳಿಯಲಿಲ್ಲ. ಮೊಘಲ್ ಕುಂಚ ಮೈಯ ನೆರಳು-ಬೆಳಕನ್ನು ಹುಡುಕಿದರೆ ರಾಜಸ್ಥಾನದ ಕುಂಚ ಗೆರೆಗೆ ಮರಳಿತು. ಕತ್ತು ಬಿಲ್ಲಿನಂತೆ ಬಾಗಿತು; ಕಿವಿಗಳ ತುದಿ ಮಾರವಾಡಿ ತಳಿಯ ಕುದುರೆಯಂತೆ ಒಳಕ್ಕೆ ತಿರುಗಿತು; ಕಾಲುಗಳಿಗೆ ಮದರಂಗಿಯ ಕೆಂಪು ಏರಿತು. ಮೇವಾಡದ ರಾಜಧಾನಿ ಉದಯಪುರದಲ್ಲಿ ಎರಡನೆಯ ಅಮರಸಿಂಹನ ಕಾಲದಲ್ಲಿ (1698–1710) ಹೆಸರು ತಿಳಿಯದ ಕಲಾವಿದನೊಬ್ಬ ಬಣ್ಣವನ್ನು ಹೆಚ್ಚುಕಡಿಮೆ ದೂರವಿಟ್ಟು, ಬೂದು ಚುಕ್ಕೆಗಳಲ್ಲೇ ರಾಣಾನನ್ನೂ ಕುದುರೆಯನ್ನೂ ಮೂಡಿಸಿದ. 1719ರಲ್ಲಿ ಕಿಶನ್‌ಗಢ ಸೇರಿದ ಭವಾನಿದಾಸನ ಕೈಯಲ್ಲಿ ಕುದುರೆಯೇ ನಾಯಕ.

ಅವನಂತೆ ಹೆಸರು ಉಳಿದ ಚಿತ್ರಕಾರರು ಕಡಿಮೆ. ಮೇವಾಡದ ಚಿತ್ರಗಳನ್ನು ಮಗುಚಿ ನೋಡಿದರೆ, ಬೆನ್ನಿನ ಮೇಲೆ ದೇವನಾಗರಿಯಲ್ಲಿ ರಾಣಾನ ಹೆಸರಿನ ಜೊತೆಗೆ ಕುದುರೆಯ ಹೆಸರೂ ಹಲವೆಡೆ ಸಿಗುತ್ತದೆ. ಹುಕ್ಕಾ ಹೊತ್ತು ಓಡುವವನ ಹೆಸರು ಕೆಲವೊಮ್ಮೆ ಮಾತ್ರ.