ಎಂಆರ್‌ಐ ನಾರ್ಮಲ್ ಬಂದ ಮೇಲೂ ಪಾರ್ಕಿನ್ಸನ್ ಇರಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ಬಲಗೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ, ಕೈಬರಹ ಚಿಕ್ಕದಾಗಿದೆ. ನರರೋಗ ತಜ್ಞರು ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಆದರೆ ಎಂಆರ್‌ಐ ವರದಿಯಲ್ಲಿ 'ನಾರ್ಮಲ್' ಎಂದಿದೆ. ಸ್ಕ್ಯಾನ್‌ನಲ್ಲಿ ಕಾಣದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವುದು ಸರಿಯೇ? ಬೇರೆ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ವರದಿಯೂ ಸರಿಯಿರಬಹುದು, ವೈದ್ಯರ ನಿರ್ಣಯವೂ ಸರಿಯಿರಬಹುದು. ಸಾಮಾನ್ಯ ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು. ಗಡ್ಡೆ, ರಕ್ತಸ್ರಾವ, ಹಳೆಯ ಪಾರ್ಶ್ವವಾಯುವಿನ ಕಲೆ, ದ್ರವ ತುಂಬಿ ಹಿಗ್ಗಿದ ಕುಹರ ಇವೆಲ್ಲ ಅದರಲ್ಲಿ ಕಾಣುತ್ತವೆ. ಇವು ಕೂಡ ನಡಿಗೆಯನ್ನು ಕೆಡಿಸಬಲ್ಲವಾದ್ದರಿಂದ, ಅವು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮಾಡಿಸುತ್ತಾರೆ. ಪಾರ್ಕಿನ್ಸನ್ ಆರಂಭದಲ್ಲಿ ಕೆಡಿಸುವುದು ರಚನೆಯನ್ನಲ್ಲ, ರಾಸಾಯನಿಕ ವ್ಯವಸ್ಥೆಯನ್ನು. ಮನೆಯ ಫೋಟೊದಲ್ಲಿ ಗೋಡೆ, ಬಾಗಿಲು, ನಲ್ಲಿ ಎಲ್ಲವೂ ಕಾಣುತ್ತವೆ. ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂಬುದು ಕಾಣುವುದಿಲ್ಲ.

ಇಲ್ಲಿ ನೀರು ಎಂದರೆ ಡೋಪಮೈನ್. ಮಧ್ಯಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಛಾಯೆಯ ಭಾಗದಲ್ಲಿರುವ ನರಕೋಶಗಳು ತಮ್ಮ ಉದ್ದನೆಯ ತಂತುಗಳನ್ನು ಮಿದುಳಿನ ಆಳದ ಸ್ಟ್ರಯೇಟಮ್‌ವರೆಗೆ ಚಾಚಿ, ಅಲ್ಲಿ ಡೋಪಮೈನ್ ಬಿಡುಗಡೆ ಮಾಡುತ್ತವೆ. ಚಲನೆ ಸರಾಗವಾಗಿ ನಡೆಯಲು ಅದು ಬೇಕು. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಈ ದ್ರವ್ಯ ತೀರ ಕಡಿಮೆಯಿರುತ್ತದೆ ಎಂಬುದನ್ನು ವಿಯೆನ್ನಾದಲ್ಲಿ ಓಲೆ ಹಾರ್ನಿಕೀವಿಚ್ ಮತ್ತು ಅವರ ಸಹೋದ್ಯೋಗಿ 1960ರಲ್ಲಿ ತೋರಿಸಿದರು. ಆದರೆ ಅವರು ಪರೀಕ್ಷಿಸಿದ್ದು ಮೃತರ ಮಿದುಳುಗಳನ್ನು. ಕಾಯಿಲೆ ಎಲ್ಲಿ ಶುರುವಾಗಿ ಹೇಗೆ ಮುಂದುವರಿಯಿತು ಎಂಬುದನ್ನು ಅವುಗಳಿಂದ ಊಹಿಸಬಹುದಿತ್ತೇ ಹೊರತು ಕಣ್ಣಾರೆ ನೋಡುವಂತಿರಲಿಲ್ಲ.

1983ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬದುಕಿರುವ ಮನುಷ್ಯನ ಮಿದುಳಿನಲ್ಲಿ ಡೋಪಮೈನ್ ಇರುವ ಜಾಗವನ್ನು ಪೆಟ್ ಸ್ಕ್ಯಾನ್ ಮೂಲಕ ಚಿತ್ರಿಸಿದರು. ಡೋಪಮೈನ್‌ನ ಕಚ್ಚಾವಸ್ತುವಾದ ಡೋಪಾಕ್ಕೆ ಅವರು ವಿಕಿರಣಶೀಲ ಫ್ಲೋರಿನ್ ಜೋಡಿಸಿದ್ದರು. ನರತಂತುಗಳ ತುದಿಗಳು ಅದನ್ನು ಹೀರಿಕೊಂಡು ಡೋಪಮೈನ್ ಮಾದರಿಯ ದ್ರವ್ಯವಾಗಿ ಪರಿವರ್ತಿಸಿ ಕೂಡಿಟ್ಟುಕೊಳ್ಳುತ್ತವೆ. ಅಲ್ಲಿಂದ ಹೊಮ್ಮುವ ಕಿರಣಗಳನ್ನು ಯಂತ್ರ ಗ್ರಹಿಸುತ್ತದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈ ಫ್ಲೋರೋಡೋಪಾ ಪೆಟ್ ಅಲ್ಲದೆ ಟ್ರೋಡ್ಯಾಟ್ ಎಂಬ ಇನ್ನೊಂದು ಸ್ಕ್ಯಾನ್ ಕೂಡ ಬಳಕೆಯಲ್ಲಿದೆ. ಬಿಡುಗಡೆಯಾದ ಡೋಪಮೈನನ್ನು ನರತುದಿಗೆ ಮರಳಿ ಎಳೆದುಕೊಳ್ಳುವ ವಾಹಕ ಪ್ರೋಟೀನ್‌ಗೆ ಅಂಟುವ, ವಿಕಿರಣಶೀಲ ಟೆಕ್ನೀಷಿಯಂ ಜೋಡಿಸಿದ ದ್ರವ್ಯವನ್ನು ಅದರಲ್ಲಿ ಬಳಸುತ್ತಾರೆ.

ಆರೋಗ್ಯವಂತರಲ್ಲಿ ಈ ಚಿತ್ರ ಎರಡು ಅಲ್ಪವಿರಾಮಗಳಂತೆ ಕಾಣುತ್ತದೆ. ತಲೆಯ ಭಾಗ ಕಾಡೇಟ್, ಬಾಲದ ಭಾಗ ಪ್ಯೂಟಾಮೆನ್; ಎರಡೂ ಸ್ಟ್ರಯೇಟಮ್‌ನ ಭಾಗಗಳೇ. ಪಾರ್ಕಿನ್ಸನ್‌ನಲ್ಲಿ ಮೊದಲು ಮಂಕಾಗುವುದು ಬಾಲದ ತುದಿ, ಅಂದರೆ ಪ್ಯೂಟಾಮೆನ್‌ನ ಹಿಂಭಾಗ. ಕ್ರಮೇಣ ಅಲ್ಪವಿರಾಮ ಕರಗಿ ಪೂರ್ಣವಿರಾಮದ ಚುಕ್ಕೆಯಷ್ಟೇ ಉಳಿಯುತ್ತದೆ. ಈ ನಷ್ಟ ಎರಡೂ ಪಕ್ಕಗಳಲ್ಲಿ ಸಮವಾಗಿ ಆಗುವುದಿಲ್ಲ. ನಿಮ್ಮ ತಂದೆಯವರಂತೆ ಬಲಗೈ ಮೊದಲು ನಡುಗಿದವರಲ್ಲಿ ಸಾಮಾನ್ಯವಾಗಿ ಮಿದುಳಿನ ಎಡಭಾಗ ಹೆಚ್ಚು ಮಂಕಾಗಿರುತ್ತದೆ. ಲಕ್ಷಣಗಳು ತೋರುವ ವೇಳೆಗೆ ಪ್ಯೂಟಾಮೆನ್‌ನ ನರತುದಿಗಳಲ್ಲಿ ಸುಮಾರು ಅರ್ಧದಷ್ಟು ಕೆಲಸ ಕಳೆದುಕೊಂಡಿರುತ್ತವೆ ಎಂಬ ಅಂದಾಜು ಮೂಡಿದ್ದೂ ಇಂಥ ಚಿತ್ರಗಳಿಂದಲೇ. ಕೈ ನಡುಗಿದ ದಿನ ಕಾಯಿಲೆಯ ಮೊದಲ ದಿನವಲ್ಲ, ಅದು ವರ್ಷಗಳ ಹಿಂದೆಯೇ ಶುರುವಾಗಿರುತ್ತದೆ.

ನನಗೆ ಇವೆಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ವ್ಯಾಂಕೂವರ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನ. ಔಷಧಿ ಸಿಗಬಹುದೆಂಬ ನಿರೀಕ್ಷೆಯಲ್ಲಿದ್ದ ರೋಗಿಗಳಿಗೆ ಔಷಧಿಯೇ ಇಲ್ಲದ ಚುಚ್ಚುಮದ್ದು ಕೊಟ್ಟಾಗಲೂ ಅವರ ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ಬಿಡುಗಡೆಯಾದದ್ದು ಪೆಟ್ ಚಿತ್ರದಲ್ಲಿ ಕಂಡಿತು. ಔಷಧಿಯ ಭ್ರಮೆಯಿಂದ ಸಿಗುವ ಸುಧಾರಣೆಯನ್ನು 'ಬರೀ ಮನಸ್ಸಿನ ಆಟ' ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು; ಮನಸ್ಸಿನ ಆ ಆಟಕ್ಕೂ ಡೋಪಮೈನ್ ಖರ್ಚಾಗುತ್ತದೆ.

ಚಿತ್ರವನ್ನು ಅಕ್ಷರಶಃ ನಂಬುವುದರಲ್ಲಿ ಅಪಾಯವೂ ಇದೆ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಎಂಬ ಪಾರ್ಕಿನ್ಸನ್ ಮಾತ್ರೆಯ ಬಗ್ಗೆ 2004ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಪ್ರಯೋಗದಲ್ಲಿ 361 ರೋಗಿಗಳಿದ್ದರು. ಮಾತ್ರೆ ತೆಗೆದುಕೊಂಡವರ ಚಲನೆ ಉತ್ತಮವಾಗಿತ್ತು, ಆದರೆ ಸ್ಕ್ಯಾನ್ ಮಾಡಿಸಿಕೊಂಡವರ ಪೈಕಿ ಮಾತ್ರೆ ಪಡೆದವರಲ್ಲೇ ವಾಹಕ ಪ್ರೋಟೀನ್ ಹೆಚ್ಚು ಇಳಿದಂತೆ ಕಂಡಿತು. ಔಷಧಿಯೇ ನರಕೋಶಗಳನ್ನು ಕೊಲ್ಲುತ್ತಿದೆಯೇ ಎಂಬ ಆತಂಕ ಹಬ್ಬಿತು. ಮಾತ್ರೆಯನ್ನು ಬೇಗ ಆರಂಭಿಸಿದವರನ್ನೂ 40 ವಾರ ತಡವಾಗಿ ಆರಂಭಿಸಿದವರನ್ನೂ ಹೋಲಿಸಿದ ನೆದರ್ಲೆಂಡ್ಸ್‌ನ ಅಧ್ಯಯನ 2019ರಲ್ಲಿ ಹೊರಬಂದಾಗ, 80 ವಾರಗಳ ಕೊನೆಗೆ ಎರಡು ಗುಂಪುಗಳ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಸ್ಕ್ಯಾನ್ ಎಣಿಸುವುದು ಒಂದು ಪ್ರೋಟೀನನ್ನು, ನರಕೋಶಗಳನ್ನಲ್ಲ. ಕೋಶ ಸಾಯದೆಯೂ ಪ್ರೋಟೀನ್‌ನ ಪ್ರಮಾಣ ಏರಿಳಿಯಬಹುದು.

ಎಂಆರ್‌ಐ ಕೂಡ ಮೊದಲಿನಂತೆ ಉಳಿದಿಲ್ಲ. ಸಬ್‌ಸ್ಟಾನ್ಷಿಯಾ ನೈಗ್ರಾಕ್ಕೆ ಕಪ್ಪು ಬಣ್ಣ ಕೊಡುವ ನ್ಯೂರೋಮೆಲನಿನ್ 3 ಟೆಸ್ಲಾ ಎಂಬ ಪ್ರಬಲ ಕಾಂತದ ಎಂಆರ್‌ಐ ಯಂತ್ರದ ವಿಶೇಷ ಚಿತ್ರಣದಲ್ಲಿ ಹೊಳೆಯುತ್ತದೆ ಎಂದು ಜಪಾನಿನ ತಂಡವೊಂದು 2006ರಲ್ಲಿ ತೋರಿಸಿತು. ಪಾರ್ಕಿನ್ಸನ್ ಇದ್ದವರಲ್ಲಿ ಆ ಹೊಳಪು ಕುಂದುತ್ತದೆ. ಅದೇ ಭಾಗದಲ್ಲಿ ಆರೋಗ್ಯವಂತರಲ್ಲಿ ಹಕ್ಕಿಯ ಕವಲು ಬಾಲದಂತೆ ಕಾಣುವ ಗುರುತು ರೋಗಿಗಳಲ್ಲಿ ಅಳಿಸಿಹೋಗುವುದನ್ನೂ ಗುರುತಿಸಲಾಗಿದೆ. ಮಾಮೂಲಿ ವರದಿಯಲ್ಲಿ ಇವನ್ನು ಹುಡುಕಿರುವುದು ಅಪರೂಪ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಒಂದೇ ಪಕ್ಕದಿಂದ ಶುರುವಾದ ನಡುಕ, ಜೊತೆಗೆ ನಿಧಾನಗತಿ, ಲೆವೊಡೋಪಾದಿಂದ ಸ್ಪಷ್ಟ ಸುಧಾರಣೆ ಈ ಮೂರೂ ಇದ್ದರೆ ಸಾಮಾನ್ಯವಾಗಿ ಇನ್ನೊಂದು ಸ್ಕ್ಯಾನ್ ಬೇಕಾಗುವುದಿಲ್ಲ. ಡೋಪಮೈನ್ ಸ್ಕ್ಯಾನ್ ನೆರವಾಗುವುದು ಇದು ಪಾರ್ಕಿನ್ಸನ್ನೋ ಅಥವಾ ಎಸೆನ್ಷಿಯಲ್ ಟ್ರೆಮರ್ ಎಂಬ ಬೇರೆ ಬಗೆಯ ನಡುಕವೋ, ಮಾತ್ರೆಗಳಿಂದ ಬಂದ ತೊಂದರೆಯೋ ಎಂಬ ಅನುಮಾನವಿದ್ದಾಗ. ಕೊನೆಯ ಎರಡರಲ್ಲಿ ಚಿತ್ರ ಸಾಮಾನ್ಯವಾಗಿ ನಾರ್ಮಲ್ ಇರುತ್ತದೆ. ಆದರೆ ಪಾರ್ಕಿನ್ಸನ್ ಅನ್ನು ಹೋಲುವ, ಮಾತ್ರೆಗೆ ಅಷ್ಟಾಗಿ ಬಗ್ಗದ ಎಂಎಸ್‌ಎ, ಪಿಎಸ್‌ಪಿ ಎಂಬ ಕಾಯಿಲೆಗಳಲ್ಲೂ ಅದು ಮಂಕಾಗುವುದರಿಂದ, ಅವುಗಳನ್ನು ಬೇರ್ಪಡಿಸಲು ಈ ಸ್ಕ್ಯಾನ್ ಒಂದೇ ಸಾಲದು.

ಆದ್ದರಿಂದ ದುಬಾರಿ ಸ್ಕ್ಯಾನ್‌ಗೆ ಮುನ್ನ ತಂದೆಯವರು ಕಳೆದ ಒಂದೆರಡು ವರ್ಷಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ಗ್ಯಾಸ್ ಮತ್ತು ವಾಂತಿಗೆ ಕೊಡುವ ಲೆವೊಸಲ್ಪಿರೈಡ್, ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್ ಇವು ಪಾರ್ಕಿನ್ಸನ್‌ನಂಥ ಲಕ್ಷಣಗಳನ್ನು ಉಂಟುಮಾಡಬಲ್ಲವು. ಈಗ ಬರೆದುಕೊಟ್ಟಿರುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.