ಭರಮಸಾಗರದ ಹತ್ತಿರ ನಿಂತ ನೀರು

ಏಪ್ರಿಲ್ ಮಧ್ಯಾಹ್ನ, ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟ ಬಸ್ಸು. ಇನ್ನೇನು ಭರಮಸಾಗರ ಬರಬೇಕು, ಮುಂದಿನ ಸೀಟಿನ ಹುಡುಗ ಎದ್ದು ನಿಂತು, "ಅಜ್ಜಾ, ರೋಡ್ ಮೇಲೆ ನೀರ್ ನಿಂತೈತೆ ನೋಡು!" ಎಂದು ಕೂಗಿದ. ಅಜ್ಜ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ, "ಅದು ಬಿಸಿಲುಗುದುರೆ ಕಣಪ್ಪ. ಸುಮ್ನೆ ಕಣ್ಣಿಗೆ ಹಂಗೆ ಕಾಣತೈತೆ" ಅಂದರು.

ನೀರಿಲ್ಲ, ನಿಜ. ಆದರೆ ತಪ್ಪನ್ನೆಲ್ಲ ಕಣ್ಣಿನ ತಲೆಗೆ ಕಟ್ಟುವುದು ಅನ್ಯಾಯ. ಮೊಬೈಲಿನಲ್ಲಿ ಫೋಟೊ ತೆಗೆದರೆ ಅದರಲ್ಲೂ ಆ ನೀರು ಬೀಳುತ್ತದೆ. ಮೊಬೈಲಿಗೇನು ಬಾಯಾರಿಕೆಯೇ?

ಅಲ್ಲಿ ಹೊಳೆಯುವುದು ಆಕಾಶ. ಬಿಸಿಲಿಗೆ ಕಾದ ಡಾಂಬರು ತನಗೆ ಅಂಟಿಕೊಂಡ ಗಾಳಿಯನ್ನೂ ಕಾಯಿಸುತ್ತದೆ. ಕಾದ ಗಾಳಿ ತೆಳು. ಅದರಲ್ಲಿ ಬೆಳಕು ಒಂದು ಕೂದಲೆಳೆಯಷ್ಟು ಬೇಗ ಓಡುತ್ತದೆ. ಎತ್ತಿನ ಗಾಡಿಯ ಒಂದು ಚಕ್ರ ಗಟ್ಟಿ ನೆಲದಲ್ಲಿ, ಇನ್ನೊಂದು ಉಸುಕಿನಲ್ಲಿ ಉರುಳಿದರೆ ಗಾಡಿ ಉಸುಕಿನ ಕಡೆಗೇ ತಿರುಗುವುದಿಲ್ಲವೇ? ಹಾಗೆಯೇ ಆಕಾಶದಿಂದ ಓರೆಯಾಗಿ ಇಳಿದ ಬೆಳಕಿನ ಕೆಳಭಾಗ ಮುಂದೆ ಓಡಿ, ಮೇಲ್ಭಾಗ ಹಿಂದುಳಿದು, ಇಡೀ ಕಿರಣ ರಸ್ತೆ ಮುಟ್ಟುವ ಮೊದಲೇ ಮೇಲಕ್ಕೆ ಬಾಗಿ ನಮ್ಮ ಕಣ್ಣಿಗೆ ಬರುತ್ತದೆ. ಬೆಳಕು ನೇರವಾಗಿಯೇ ಬಂದಿದೆ ಎಂದು ನಂಬುವ ಮಿದುಳು ಆಕಾಶದ ತುಂಡನ್ನು ನೆಲದ ಮೇಲೆ ಹಾಸಿಬಿಡುತ್ತದೆ. ಎದುರಿಗೆ ಬರುವ ಲಾರಿಯೂ ತಲೆಕೆಳಗಾಗಿ ಆ "ನೀರಿ"ನಲ್ಲಿ ತೇಲುತ್ತದೆ.

35 ಡಿಗ್ರಿಯ ಗಾಳಿಗೂ 60 ಡಿಗ್ರಿಯ ಗಾಳಿಗೂ ಬೆಳಕಿನ ವೇಗದಲ್ಲಿರುವ ವ್ಯತ್ಯಾಸ ಲಕ್ಷಕ್ಕೆ ಎರಡು ಪಾಲಿನಷ್ಟು, ಅಷ್ಟೇ. ಹಾಗಾಗಿ ಅರ್ಧ ಡಿಗ್ರಿಗಿಂತ ಕಡಿಮೆ ಓರೆಯಲ್ಲಿ, ರಸ್ತೆಯನ್ನು ಸವರಿಕೊಂಡು ಬರುವ ಬೆಳಕು ಮಾತ್ರ ಹೀಗೆ ತಿರುಗೀತು. ಕಾರಿನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿದ್ದರೆ, ಲೆಕ್ಕ ಹಾಕಿ ನೋಡಿ, ನೀರು 200 ಮೀಟರ್ ಆಚೆಗಷ್ಟೇ ಕಾಣಬೇಕು. ಬಸ್ಸಿನ ಸೀಟು ಇನ್ನೂ ಎತ್ತರ, ನೀರೂ ಇನ್ನೂ ದೂರ. ನಾವು ಮುಂದೆ ಹೋದಷ್ಟೂ ಅದೂ ಹೋಗುತ್ತದೆ. ಬಿಸಿಲಲ್ಲಿ ಓಡುವ ಇದಕ್ಕೆ ಕುದುರೆ ಎಂದು ಹೆಸರಿಟ್ಟವರನ್ನು ಮೆಚ್ಚಬೇಕು.

1798ರಲ್ಲಿ ನೆಪೋಲಿಯನ್ನನ ಸೈನಿಕರೂ ಈಜಿಪ್ಟಿನ ಮರಳಲ್ಲಿ ಇಂಥದೇ ಕೆರೆಗಳನ್ನು ಕಂಡರು. ಜೊತೆಗಿದ್ದ ಗಣಿತಜ್ಞ ಗ್ಯಾಸ್ಪಾರ್ ಮಾಂಜ್ ಅದಕ್ಕೆ ವಿವರಣೆ ಬರೆದ.

ಹುಣ್ಣಿಮೆಯ ಚಂದ್ರ ಹುಟ್ಟುವಾಗ ಹಂಡೆಯಷ್ಟು ಕಾಣುವುದು ಮಾತ್ರ ಬೇರೆ ಜಾತಿಯದು. ಫೋಟೊದಲ್ಲಿ ಅಳೆದರೆ ನೆತ್ತಿಯ ಚಂದ್ರನಿಗಿಂತ ದೊಡ್ಡದೇನಲ್ಲ. ಅದು ಪೂರ್ತಿ ಮಿದುಳಿನ ಕಾರುಬಾರು. ಅಜ್ಜನ ಮಾತು ಒಪ್ಪುವುದು ಅಲ್ಲಿಗೆ.

ಸಂಜೆ ದುರ್ಗದ ಕೋಟೆ ಹತ್ತಿದರೆ ಇದೇ ಬಾಗುವಿಕೆಯ ಇನ್ನೊಂದು ಮುಖ ಸಿಗುತ್ತದೆ. ವಾತಾವರಣದಲ್ಲಿ ಕೆಳಗಿನ ಗಾಳಿ ದಟ್ಟ, ಮೇಲಿನದು ತೆಳು. ಹಾಗಾಗಿ ಇಲ್ಲಿ ಬೆಳಕು ಬಾಗುವುದು ಭೂಮಿಯ ಕಡೆಗೆ, ಕೆಳಕ್ಕೆ. ಹೀಗೆ ದಿಗಂತದಂಚಿನ ವಸ್ತು ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಮೇಲೆದ್ದು ಕಾಣುತ್ತದೆ. ಸೂರ್ಯನ ಅಗಲವೂ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಅಷ್ಟೇ. ಕೆಂಪು ಬಿಂಬದ ಕೆಳಅಂಚು ದಿಗಂತಕ್ಕೆ ತಾಗಿ, "ಇನ್ನೇನು ಮುಳುಗತೈತೆ" ಎಂದು ಎಲ್ಲರೂ ಮೊಬೈಲ್ ಎತ್ತುವ ಹೊತ್ತಿಗೆ ಸೂರ್ಯ ಆಗಲೇ ಇಡಿಯಾಗಿ ಮುಳುಗಿಯಾಗಿರುತ್ತಾನೆ.