ಆಂಪ್ ಬದಲಿಸಿದರೆ ಮದ್ದಳೆ ಸ್ಪಷ್ಟವಾಗುತ್ತಾ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. 50 ವಾಟ್‌ನ ಒಳ್ಳೆಯ ಆಂಪ್ (ಆಂಪ್ಲಿಫೈಯರ್), ಗಲ್ಫಿನಿಂದ ತಂದ ಹಳೆಯ ಸ್ಪೀಕರ್ ಜೋಡಿ ಇದೆ. ತಾಳಮದ್ದಳೆ ಹಾಕಿದರೆ ಮದ್ದಳೆ ಗುಂಯ್ ಅಂತ ಕಲಸಿಹೋಗುತ್ತದೆ. 100 ವಾಟ್‌ನ ಆಂಪ್ ತಗೊಳ್ಳಲಾ?

ಉತ್ತರ: ಈಗಲೇ ಬೇಡ. ವಾಟ್ ದುಪ್ಪಟ್ಟಾದರೆ ಸದ್ದಿನ ಅಳತೆಯಲ್ಲಿ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಹೇಗಿದ್ದರೂ ನಿಮ್ಮ ತೊಂದರೆ ಸದ್ದು ಕಮ್ಮಿ ಅಂತಲ್ಲ, ಗುಂಯ್ ಅನ್ನುವುದು ಅಲ್ವಾ?

ಅದಕ್ಕೆ ಹೆಚ್ಚಾಗಿ ಕಾರಣ ಕೋಣೆ. ಹಳೆಯ ಹಂಚಿನ ಮನೆಯಲ್ಲಿ ಸದ್ದು ಮಾಡಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಟೆರೇಸ್ ಮನೆಯಲ್ಲಿ ಮೇಲೆ ಕಾಂಕ್ರೀಟ್, ಸುತ್ತ ಗಾರೆ ಬಳಿದ ಕೆಂಪುಕಲ್ಲಿನ ಗೋಡೆ, ಕೆಳಗೆ ಟೈಲ್ಸ್. ಸದ್ದಿಗೆ ಹೋಗಲು ದಾರಿಯೇ ಇಲ್ಲ. 11 ಅಡಿ ಉದ್ದದ ಕೋಣೆಯಲ್ಲಿ 51 ಹರ್ಟ್ಜ್ (ಸೆಕೆಂಡಿಗೆ 51 ಸಲ ಅದುರುವ) ಸುತ್ತಮುತ್ತಲಿನ ತಗ್ಗು ದನಿ, ಅದರ ದುಪ್ಪಟ್ಟು 102ರದ್ದೂ, ಗೋಡೆಯಿಂದ ಗೋಡೆಗೆ ಹೋಗಿಬಂದು ಉಬ್ಬುತ್ತದೆ. ಅಗಲವೂ 11 ಅಡಿಯೇ ಆಗಿದ್ದರೆ ಕಾಟ ಇನ್ನೂ ಜಾಸ್ತಿ.

ಕುರ್ಚಿ ಗೋಡೆಗೆ ತಾಗಿದೆಯಾ? ಮೂರು ಅಡಿ ಮುಂದಕ್ಕೆ ಎಳೆಯಿರಿ. ಸ್ಪೀಕರನ್ನು ಮೂಲೆಯಿಂದ ಹೊರಗೆ ತನ್ನಿ. ಅದೇ ಪದ ಹಾಕಿ, ಒಂದೊಂದು ಗೇಣು ಸರಿಸುತ್ತಾ ಕೇಳಿ. ಗುಂಯ್ ಇಳಿಯುವ ಜಾಗ ಸಿಕ್ಕೇ ಸಿಗುತ್ತದೆ. ಪರದೆಯಿಂದ ಈ ಕೆಲಸ ಆಗುವುದಿಲ್ಲ. ಆದರೆ ಚಪ್ಪಾಳೆ ತಟ್ಟಿದಾಗ ಟ್ರ್‌ರ್ ಅಂತ ಮರುದನಿ ಬಂದರೆ ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಚೆನ್ನಾಗಿ ಉಪಯೋಗಕ್ಕೆ ಬರುತ್ತವೆ. ಭಾಗವತರ ದನಿಯೂ ತಿಳಿಯಾಗುತ್ತದೆ.

ಆಮೇಲೆ ಸ್ಪೀಕರಿನ ಜಾಲರಿ ತೆಗೆದು ನೋಡಿ. ಕೋನಿನ (ಅದುರಿ ಸದ್ದು ಹೊರಡಿಸುವ ಭಾಗ) ಸುತ್ತ ಇರುವ ಉಂಗುರ ಫೋಮಿನದಾದರೆ ನಮ್ಮ ಮಳೆಗಾಲದ ತೇವಕ್ಕೆ ಅದು ಬೇಗ ಹಾಳಾಗುತ್ತದೆ. ಬೆರಳಿನಿಂದ ಮೆಲ್ಲ ಮುಟ್ಟಿ. ಅಂಟಂಟಾಗಿ ಪುಡಿಯಾಗಿ ಉದುರಿದರೆ ಅದರ ಕಥೆ ಮುಗಿಯಿತು. ಆಗ ಮದ್ದಳೆ ಹಾಳಾಗದೆ ಇನ್ನೇನು! ಅದಕ್ಕಾಗಿ ಸ್ಪೀಕರ್ ಬಿಸಾಡಬೇಡಿ. ಅಳತೆ ಸರಿಯಾದ ಹೊಸ ಉಂಗುರ ಅಂಟಿಸಬಹುದು. ಉಂಗುರ ರಬ್ಬರಿನದಾದರೆ ಬಾಳಿಕೆ ಜಾಸ್ತಿ.

ಇಷ್ಟೆಲ್ಲ ಆದಮೇಲೂ ಖರ್ಚು ಮಾಡಲೇಬೇಕಾದರೆ ಮೊದಲು ಸ್ಪೀಕರ್, ಆಂಪ್ ಕೊನೆಗೆ. ದೊಡ್ಡ ಹಾಲ್ ಇದ್ದು, ವಾಲ್ಯೂಮ್ ಏರಿಸಿದಾಗ ದನಿ ಒಡೆಯುತ್ತಿದ್ದರೆ ಮಾತ್ರ ಈ ಮಾತು ಬದಲಾಗುತ್ತದೆ.

ದುಬಾರಿ ಕೇಬಲ್? ಸುಮ್ನೆ ದುಡ್ಡು ದಂಡ. ಅದರ ಬದಲು ಅರ್ತಿಂಗ್ ಸರಿಮಾಡಿಸಿ, ಅದಿಲ್ಲದೆ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಸಾಧನ) ಪೂರ್ತಿ ರಕ್ಷಣೆ ಕೊಡುವುದಿಲ್ಲ. ಏಪ್ರಿಲ್–ಮೇ, ಅಕ್ಟೋಬರ್–ನವೆಂಬರಿನ ಸಂಜೆ ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ, ಆಂಪಿನ ಪ್ಲಗ್ ಕೀಳಿ. ಡಿಶ್ ಟಿವಿಗೆ ಜೋಡಿಸಿದ್ದರೆ ಆ ವಯರನ್ನೂ ಬಿಚ್ಚಿಡಿ.